ಎದುರು ಸೀಟಿನ ಯಾರೋ

ಮಕ್ಕಳು ಪಾಠ ಮರೆತರೆ ಕುಣಿದಾಡುವ ಮೇಷ್ಟ್ರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಅಂಥವರಿಗೆ ವರ್ಷಗಟ್ಟಲೆ ಮುದ್ದೆ ತಿರುವಿ ಹಾಕಿದ್ದೇನೆ. ಅವರೇ ನಿಮ್ಮ ತಾತ. ಗೋಡೆಯ ಮೇಲಿನ ಫೋಟೋದಲ್ಲಿ ಗಂಭೀರವಾಗಿ ಕೂತಿದ್ದಾರಲ್ಲ, ಆ ಮುಖವನ್ನು ಮಾತ್ರ ನಂಬಬೇಡಿ ಮಕ್ಕಳೇ!

ಆಗ ನಾವು ಉರಿಗಾಂನಲ್ಲಿ, ಚಿನ್ನದ ಗಣಿಯವರ ಸಾಲುಮನೆಯೊಂದರಲ್ಲಿ ಬಾಡಿಗೆಗಿದ್ದೆವು. ತಾತ ಅಲ್ಲೇ ಪ್ರೈಮರಿ ಶಾಲೆಯ ಮೇಷ್ಟ್ರು. ಸೋಮವಾರ ಹೇಳಿಕೊಟ್ಟ ಮಗ್ಗಿಯನ್ನು ಮಂಗಳವಾರ ಕೇಳುತ್ತಿರಲಿಲ್ಲ. ಮುಂದಿನ ವಾರ, ಎಲ್ಲರೂ ಮರೆತು ಹಾಯಾಗಿದ್ದಾಗ ಕೇಳುತ್ತಿದ್ದರು! ಒಂದು ದಿನ ಗಣಿ ಕೆಲಸದವನೊಬ್ಬ ಮಗನ ಕಿವಿ ಹಿಡಿದುಕೊಂಡು ಮನೆಗೇ ಬಂದ.

"ಸಾರ್, ಈ ನನ್ಮಗ ಎಂಟರ ಮಗ್ಗಿ ಅರ್ಧ ಮರ್ತುಬುಟ್ಟವ್ನೆ!"

"ಭೇಷ್! ಇದಕ್ಕೇ ಕಾಯ್ತಿದ್ದೆ. ಕಿವಿ ಬುಡಪ್ಪಾ. ಈಗ ಒಪ್ಸು ಕಣ್ಲಾ, ನೆನಪಿರೋ ಅಷ್ಟು."

"ಮರ್ತಿದ್ದು ಒಳ್ಳೇದಾ ಸಾರ್?"

"ಬಿಸಿಬಿಸೀಲಿ ಕೇಳಿದ್ರೆ ನಾಲಿಗೆ ಒಪ್ಪಿಸ್ತದೆ. ಅರ್ಧ ಮರ್ತ ಮೇಲೆ ಕೇಳಿದ್ರೆ ತಲೆ ತಡಕಾಡ್ತದೆ. ತಡಕಿ ಈಚೆಗೆ ತೆಗೆದಿದ್ದು ಆಮೇಲೆ ಎಲ್ಲೂ ಓಗಲ್ಲ ಕಣಯ್ಯಾ."

ಅವನು ಹೋಗುವಾಗ, ಬಾಗಿಲ ಹಿಂದೆ ನಿಂತಿದ್ದ ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದ: "ಅಕ್ಕಾ, ಇವರ್ನ ಒಂದ್ಸಾರಿ ಆಸ್ಪತ್ರೆಗೆ ತೋರ್ಸಿ."

ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನೆಲ ನಡುಗಿ ನಮ್ಮ ಪಾತ್ರೆಗಳೆಲ್ಲ ಗಲಗಲ ಎನ್ನುತ್ತಿದ್ದವು. ಅಂಥ ನಡುಕದ ಹೊತ್ತಿನಲ್ಲೇ ತಾತನ ತರಗತಿಯ ಒಬ್ಬಳು ಹುಡುಗಿ ಪದ್ಯ ಕಲಿತಳು. ಆಮೇಲೆ ಎಷ್ಟು ಕೇಳಿದರೂ ಬಾಯಿ ಬಿಡಳು. ತಾತ ಗಡ್ಡ ಕೆರೆದುಕೊಂಡರು, ಅವಳ ಬೆಂಚು ಹಿಡಿದು ಗಡಗಡ ಅಲ್ಲಾಡಿಸಿದರು. ಪದ್ಯ ಉದುರಿತು! ಖುಷಿ ತಡೆಯಲಾರದೆ ಇಡೀ ತರಗತಿಗೆ ಬೆಂಚು ಅಲ್ಲಾಡಿಸಲು ಹೇಳಿದರು. ಪಕ್ಕದ ಕೋಣೆಯಿಂದ ಹೆಡ್‌ಮೇಷ್ಟ್ರು ಪಂಚೆ ಎತ್ತಿಕಟ್ಟಿ ಬಯಲಿಗೆ ಓಡಿದರು. ಅವರ ಹಿಂದೆ ಉಳಿದ ಶಾಲೆಯೂ ಓಡಿತು.

"ಕಲ್ತಿದ್ದು ಕಲ್ತ ಜಾಗಕ್ಕೇ ಅಂಟ್ಕೊಂಡ್ಬುಡ್ತದೆ ಕಣೇ," ಎಂದರು ಅಂದು ಸಂಜೆ. "ಅದನ್ನ ನಾಕು ಕಡೆ ಸುತ್ತಿಸ್ಬೇಕು."

ಸುತ್ತಿಸಿದರು. ಮಗ್ಗಿ ಬೇವಿನ ಮರದ ಕೆಳಗೆ ನಡೆಯಿತು, ನಲ್ಲಿಯ ಹತ್ತಿರ ನಡೆಯಿತು, ಗಣಿಯವರು ಸುರಿದ ಮಣ್ಣಿನ ದಿಬ್ಬದ ಮೇಲೂ ನಡೆಯಿತು. ಮಕ್ಕಳು ಬೂದಿ ಬಳಿದ ಬೈರಾಗಿಗಳಂತೆ ಮನೆ ಸೇರಿದರು. ತಾಯಂದಿರು ಬೈದರು, ಅದೂ ಮೂರು ಭಾಷೆಯಲ್ಲಿ!

ಇದು ಶಾಲೆಗೇ ನಿಂತಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನಾನು ಬಂಗಾರಪೇಟೆ ಪಕ್ಕದ ಹಳ್ಳಿಯವಳು. ಹೊರಗಿನವರ ಮುಂದೆ ನನಗೆ ಕನ್ನಡವೇ ಹೊರಡದು. ನಮ್ಮ ಸಾಲಿನಲ್ಲೋ ಬರೀ ತಮಿಳು. ನಲ್ಲಿಯ ಹತ್ತಿರ ನಾನೂ ಒಂದು ಕೊಡದಂತೆ ನಿಂತಿರುತ್ತಿದ್ದೆ. ತಾತನ ಎದೆ ನೋಡಿದ ಡಾಕ್ಟರು "ಹೃದಯ ಸೋತಿದೆ, ಹುಷಾರು" ಎಂದ ದಿನದಿಂದ ಅವರಿಗೆ ನನ್ನದೇ ಚಿಂತೆ ಹತ್ತಿತು.

"ನಾನಿಲ್ದಾಗ ನಿನ್ ಬಾಯಿ ಯಾರೇ?"

"ಬುಡ್ತು ಅನ್ನಿ!"

"ಬುಡ್ತು. ಈಗ ತಮಿಳಲ್ಲಿ ಒಂದು ಕೊಡ ನೀರು ಕೇಳು."

ಒಲೆಯ ಮುಂದೆ ಕೂತು ಕಲಿತೆ. ಒಲೆಯ ಮುಂದೆ ನನ್ನ ತಮಿಳು ಎಷ್ಟು ಚೆನ್ನಾಗಿತ್ತು ಅಂತೀರಿ! ನಲ್ಲಿಗೆ ಹೋದರೆ ಎಲ್ಲ ಹೊಗೆ. "ನೋಡಿದ್ಯಾ? ನಿನ್ ತಮಿಳು ಒಲೆಗೆ ಅಂಟ್ಕೊಂಡೈತೆ," ಎಂದು ಚಪ್ಪಾಳೆ ತಟ್ಟಿದರು. ಮುಂದಿನ ಪಾಠಕ್ಕೆ ರೈಲೇ ಬೇಕಾಯಿತು.

ನನ್ನ ತವರಿಗೆ ಹೊರಟಿದ್ದೆವು. ಮಾರಿಕುಪ್ಪಂನಿಂದ ಬಂದ ರೈಲು ಹತ್ತಿದರೆ, ತಾತ ನನ್ನ ಪಕ್ಕ ಕೂರಲಿಲ್ಲ. ಎದುರು ಸೀಟಿನಲ್ಲಿ ಕೂತು, ತಲೆಗೆ ಟವೆಲ್ ಸುತ್ತಿ, ಯಾರೋ ಪರಸ್ಥಳದವರಂತೆ ತಮಿಳಿನಲ್ಲಿ ಕೇಳಿದರು: "ಎಂಗಮ್ಮಾ ಪೋರೀಂಗ?" ಎಲ್ಲಿಗಮ್ಮಾ ಹೊರಟಿರಿ ಎಂದು! ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ಕಿಟಕಿ ನೋಡಿದೆ. "ಪೇರೆನ್ನಮ್ಮಾ?" ಹೆಸರು ಬೇರೆ ಬೇಕಂತೆ!

ಮುಂದಿನ ಸ್ಟೇಷನ್ ಕೋರಮಂಡಲ್‌ನಲ್ಲಿ ಹತ್ತಿದ ಹೂವಿನ ಬುಟ್ಟಿಯ ಹೆಂಗಸು ಎದ್ದು ನಿಂತಳು. "ಯೋವ್! ಒನಕ್ಕು ಅಕ್ಕಾ ತಂಗಚ್ಚಿ ಇಲ್ಲಿಯಾ?" ಎಂದು ಅವರ ಟವೆಲ್ ಕಿತ್ತೆಸೆದಳು. ನಿನಗೆ ಅಕ್ಕತಂಗಿಯರಿಲ್ಲವೇ ಎಂದು! ಇಬ್ಬರು ಗಂಡಸರು ತೋಳೇರಿಸಿದರು. ನಿಮ್ಮ ತಾತ ತುಟಿ ಬಿಚ್ಚಬೇಕಲ್ಲ? ನನ್ನನ್ನೇ ನೋಡುತ್ತಾ ಕೂತರು. ಸೋತ ಹೃದಯದ ಮನುಷ್ಯ. ಒಂದು ಏಟು ಬಿದ್ದರೆ ಗತಿಯೇನು? ನನ್ನೊಳಗಿಂದ ಯಾರೋ ಕಿರುಚಿದಂತಾಯಿತು: "ಅಡಿಕ್ಕಾದೀಂಗ! ಎನ್ ವೀಟ್ಟುಕ್ಕಾರರು!"

ಹೊಡೆಯಬೇಡಿ, ನನ್ನ ಯಜಮಾನರು!

ಬೋಗಿಗೆ ಬೋಗಿಯೇ ನಕ್ಕಿತು. ತಾತ ಟವೆಲ್ ಕೊಡವಿ, "ಪಾಸು!" ಎಂದರು.

ಅಂದಿನಿಂದ ಪ್ರತಿ ಪಯಣದಲ್ಲೂ ಇದೇ ನಾಟಕ. ಹೂವಿನವಳು ಅವರಿಗೆ 'ಯಾರೋ' ಎಂದೇ ಹೆಸರಿಟ್ಟಳು. ನನಗೊಂದು ತುಂಡು ಮಲ್ಲಿಗೆ ಕೊಟ್ಟು, ನಾಟಕ ನೋಡಲು ಕೂರುವಳು. ಅವರು ಸಂತೆಯಲ್ಲಿ ಕೇಳಿದರು, ಪ್ಲಾಟ್‌ಫಾರಂನಲ್ಲಿ ಕೇಳಿದರು, ಆಸ್ಪತ್ರೆಯ ವರಾಂಡದಲ್ಲೂ ನರ್ಸಿನಂತೆ ಸೊಂಟಕ್ಕೆ ಕೈಯಿಟ್ಟು ಕೇಳಿದರು. ನಾನು ಮರೆಯುವಷ್ಟು ಬಿಟ್ಟು, ಮತ್ತೆ ಕೇಳಿದರು.

ಆ ವರಾಂಡಕ್ಕೆ ಅವರನ್ನು ನಿಜವಾಗಿಯೂ ಹೊತ್ತು ತಂದ ದಿನ ನಾನೊಬ್ಬಳೇ ಜೊತೆಗಿದ್ದೆ. ನೋವು ಎಲ್ಲಿ, ಯಾವಾಗಿನಿಂದ, ಯಾವ ಮಾತ್ರೆ, ಎಲ್ಲವನ್ನೂ ನರ್ಸಿಗೆ ತಮಿಳಿನಲ್ಲಿ ತಡವರಿಸದೆ ಹೇಳಿದೆ. ತಾತ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡರು. ಮತ್ತೆ ಕಣ್ಣು ತೆರೆಯಲಿಲ್ಲ.

ಎಲ್ಲ ಮುಗಿದ ಮೇಲೆ ಅದೇ ರೈಲಿನಲ್ಲಿ ತವರಿಗೆ ಹೊರಟೆ. ಕೋರಮಂಡಲ್‌ನಲ್ಲಿ ಹೂವಿನವಳು ಹತ್ತಿದಳು. ಖಾಲಿ ಸೀಟು ನೋಡಿ ನಗುತ್ತಾ, "ಎಂಗಮ್ಮಾ ಒನ್ ಯಾರೋ?" ಎಂದಳು. ಎಲ್ಲಿ ನಿನ್ನ ಯಾರೋ? ಎಂದಿನಂತೆ ಅವಳ ಕೈ ಮಲ್ಲಿಗೆಗೆ ಹೋಯಿತು. ಆಗ ನನ್ನ ಹಣೆ ಕಂಡಳು. ಕೈ ಬುಟ್ಟಿಯಲ್ಲೇ ನಿಂತಿತು.

ಎಷ್ಟೊಂದು ಪ್ರಶ್ನೆಗೆ ಉತ್ತರ ಕಲಿಸಿದ್ದರು! ಇದೊಂದನ್ನು ಒಲೆಯ ಮುಂದೆಯೂ ಕೇಳಿರಲಿಲ್ಲ, ರೈಲಿನಲ್ಲೂ ಕೇಳಿರಲಿಲ್ಲ. ಪದಗಳೆಲ್ಲ ಗೊತ್ತಿದ್ದವು. ಬಾಯಿ ಮಾತ್ರ ಬರಲಿಲ್ಲ.

ಅವಳು ಬುಟ್ಟಿಯನ್ನು ಕೆಳಗಿಟ್ಟಳು. ಸೆರಗನ್ನು ತಲೆಗೆ ಸುತ್ತಿಕೊಂಡು, ಎದುರಿನ ಆ ಸೀಟಿನಲ್ಲಿ ಕೂತು, ಯಾರೋ ಎಂಬಂತೆ ನನ್ನನ್ನು ನೋಡಿ ಕೇಳಿದಳು:

"ಎಂಗಮ್ಮಾ ಪೋರೀಂಗ?"

"ಅಮ್ಮಾ ವೀಟ್ಟುಕ್ಕು," ಎಂದೆ. ಅಮ್ಮನ ಮನೆಗೆ.

"ತನಿಯಾವಾ?" ಒಬ್ಬರೇನಾ?

ತಡಕಾಡಿದೆ. ಬಂಗಾರಪೇಟೆ ಹತ್ತಿರವಾಗುತ್ತಿತ್ತು. ಅವಳು ಅವರಂತೆಯೇ ಕಾದಳು, ಹೇಳಿಕೊಡಲಿಲ್ಲ.

"ಆಮಾ," ಎಂದೆ. "ತನಿಯಾ."