ಸಂಡಿಗೆ ಕಳ್ಳತನ ಮತ್ತು ನಮ್ಮ ಜಮಾದಾರ

ಅವನನ್ನು ನಾನು ಮೊದಲು ಕಂಡದ್ದು ಮತ್ತಿಕೆರೆಯಲ್ಲಿ, ವಹಾಬ್ ಅವರ ಗುಜರಿ ಅಂಗಡಿಯ ಮುಂದೆ. ಕಂದು ಮೈಯ ಬೀದಿನಾಯಿ, ಎಡಗಿವಿ ನೆಟ್ಟಗೆ, ಬಲಗಿವಿ ಮಡಚಿಕೊಂಡಿತ್ತು. ಹಳೇ ಪೇಪರ್ ಹಾಕಲು ಹೋದ ನನ್ನ ಚೀಲ ಮೂಸಿದ. ಊಟದ ಡಬ್ಬಿಯ ಅಡಿಯಲ್ಲಿ ನಾನೇ ಮರೆತಿದ್ದ ಕೋಡುಬಳೆಯನ್ನು ಹೊರಗೆಳೆದು ನನ್ನೆದುರಿಗಿಟ್ಟು ಕೂತ. ತಿನ್ನಲಿಲ್ಲ.

“ಪೊಲೀಸ್ ಮೂಗು ಸಾರ್. ಮಾಲು ಯಾರ ಹತ್ರ ಇರುತ್ತೋ ಅವ್ರ ಮುಂದೆ ಹೋಗಿ ಕೂತ್ಕೊಳ್ತಾನೆ. ತಗೊಂಡೋಗಿ,” ಎಂದರು ವಹಾಬ್.

ಜಮಾದಾರ ಎಂದು ಹೆಸರಿಟ್ಟು ಕರೆತಂದೆ. ಮನೆಯಲ್ಲಿ ಪ್ರಕರಣ ಕಾದಿತ್ತು. ನಮ್ಮದು ಯಲಹಂಕದ ಅಂಚು. ಹಿತ್ತಲ ಗೋಡೆ ದಾಟಿದರೆ ಕಾಡು. ಅಳಿಲು, ಕೋತಿ, ನವಿಲುಗಳೇ ನೆರೆಹೊರೆ. ನನ್ನ ಹೆಂಡತಿ ಸರಳಾ ತನ್ನ ತಂಗಿ ರಮಾಳ ಮದುವೆಗೆಂದು ಮಹಡಿಯ ಮೇಲೆ ಪಂಚೆ ಹಾಸಿ ಇಡುತ್ತಿದ್ದ ಅಕ್ಕಿ ಸಂಡಿಗೆ ದಿನವೂ ಕರಗುತ್ತಿತ್ತು. ನಾನು ವಂಶದಲ್ಲೇ ಮೊದಲ ಪದವೀಧರ, ಅದೂ ಪ್ರಾಣಿಶಾಸ್ತ್ರದಲ್ಲಿ! ಕಾಡಿನ ಕಳ್ಳನನ್ನು ಹಿಡಿದೇ ತೀರುತ್ತೇನೆಂದು ಘೋಷಿಸಿದೆ.

“ಈ ಭಾನುವಾರ ಸಿಗ್ಬೇಕು,” ಎಂದಳು ಸರಳಾ. “ಸಿಗ್ಲಿಲ್ಲಾಂದ್ರೆ ನಿಮ್ ಜಮಾದಾರ ವಾಪಸ್ ಗುಜರಿಗೆ. ಸುಮ್ನೆ ಕೂತು ತಿನ್ನೋಕೆ ಮನೇಲಿ ಒಬ್ರು ಸಾಕು.”

ವಾರವಿಡೀ ಬಸ್ಸಿನಲ್ಲಿ ನಿಂತು ಸವೆದಿದ್ದ ನಾನು ಭಾನುವಾರದ ನಿದ್ದೆಗೂ ಎಳ್ಳುನೀರು ಬಿಟ್ಟು ನೀರಿನ ಟ್ಯಾಂಕಿನ ನೆರಳಲ್ಲಿ ಕಾದು ಕೂತೆ. ಜಮಾದಾರ ಪಂಚೆಯನ್ನೆಲ್ಲ ಮೂಸಿ, ಯಾಕೋ ನನ್ನ ಮುಖವನ್ನೊಮ್ಮೆ ನೋಡಿದ. ಅಳಿಲು ಬಂತು, ಹಸಿಮೆಣಸಿನ ಘಾಟಿಗೆ ಹಿಂದಿರುಗಿತು. ಕೋತಿ ಒಂದನ್ನು ಬಾಯಿಗಿಟ್ಟು ಉಗುಳಿ, ಮಾಡಿದವರು ಯಾರೆಂದು ಕೇಳುವಂತೆ ಮನೆಯೊಳಗೆ ಇಣುಕಿತು. ನವಿಲು ತಿರುಗಿಯೂ ನೋಡಲಿಲ್ಲ. ಆರೋಪಿಗಳೆಲ್ಲ ಖುಲಾಸೆ.

ಅಷ್ಟರಲ್ಲಿ ಜಮಾದಾರ ಮೆಟ್ಟಿಲಿಳಿದು ನನ್ನ ಅಮ್ಮ ದೊಡ್ಡಮುನಿಯಮ್ಮನ ಮಂಚದ ಮುಂದೆ ಕೂತ. ಹಿಂದೆಯೇ ಇಳಿದು ಬಂದ ನಾನು ದಿಂಬು ಎತ್ತಿದೆ. ಕೆಳಗೆ ಅರೆ ಒಣಗಿದ ಸಂಡಿಗೆ.

“ಅಮ್ಮಾ, ನೀನಾ?”

“ಮಗುಚಾಕಕ್ಕೆ ಓದಾಗ ಒಂದೆಲ್ಡು ಬಾಯಿಗಾಕ್ಕಂಡೆ ಕಣಪ್ಪ. ಮ್ಯಾಲೆ ಒಣಗಿ ಒಳಗೆ ಮೆತ್ತಗಿದ್ದಾಗ್ಲೇ ಅದ್ರ ರುಚಿ. ಇದ್ಯಾಕೆ ಇಂಗೆ ಗುರಾಯಿಸ್ತದೆ? ಓಗು ಅನ್ನು.”

ಅಡುಗೆಮನೆಯಿಂದ ಬಂದ ಸರಳಾ ಏನೋ ಹೇಳಲು ಬಾಯಿ ತೆರೆದಳು. ಜಮಾದಾರ ಎದ್ದು ಅವಳ ಮುಂದೆ ಕೂತು ಸೆರಗಿನ ಗಂಟನ್ನು ಮೂಸಿದ.

“ಉಪ್ಪು ನೋಡೋಕೆ ತಗೊಂಡೆ ಕಣ್ರೀ.”

“ದಿನಾ ಉಪ್ಪು ನೋಡ್ಬೇಕಾ?”

“ದಿನಾ ಬೇರೆ ಹಿಟ್ಟಲ್ವಾ?”

ಕೇಸು ಗೆದ್ದ ವಕೀಲನಂತೆ ನಾನು ಗಂಟಲು ಸರಿಮಾಡಿಕೊಂಡೆ. ಜಮಾದಾರ ನಿಧಾನವಾಗಿ ಬಂದು ನನ್ನೆದುರು ಕೂತ. ಅವನ ಕಣ್ಣು ನನ್ನ ಜುಬ್ಬದ ಜೇಬಿನ ಮೇಲಿತ್ತು. ಸರಳಾ ಕೈ ಹಾಕಿ ತೆಗೆದಳು.

“ಇದೇನು?”

“ಸಾಕ್ಷಿ,” ಎಂದೆ.

“ಸಾಕ್ಷಿನ ಅರ್ಧ ಕಚ್ಚಿದೋರ್ ಯಾರು? ಆಫೀಸಿಂದ ಬಂದೋರೇ ಮಹಡಿಗೆ ಹೋಗಿ ಗಾಳಿ ಕುಡೀತೀನಿ ಅಂತಿದ್ರಲ್ಲ, ಈ ಗಾಳೀನಾ?”

ನಾನು ಅಮ್ಮನ ಪಕ್ಕ ಕೂತೆ. ಸರಳಾಳೂ ಬಂದು ಕೂತಳು. ಗುಜರಿಯ ಮಾತು ಯಾರೂ ಎತ್ತಲಿಲ್ಲ. ಎತ್ತಿದ್ದರೆ ಹೋಗಬೇಕಾದವರು ನಾವು.

ಜಮಾದಾರ ಈಗ ಮಹಡಿಯ ಬಾಗಿಲಲ್ಲಿ ಕಾವಲಿರುತ್ತಾನೆ. ಅಳಿಲನ್ನು ಬಿಡುತ್ತಾನೆ, ನವಿಲನ್ನು ಬಿಡುತ್ತಾನೆ. ನಮ್ಮನ್ನು ಬಿಡುವುದಿಲ್ಲ.