ಬಿ ಸೆಕ್ಷನ್ನಿನ ಕಂಪ್ಯೂಟರ್

ಪೂರ್ತಿ ಕೆಟ್ಟ ವಸ್ತುವಿಗಿಂತ ಅರ್ಧ ಕೆಟ್ಟ ವಸ್ತುವಿನ ಕಾಟವೇ ಹೆಚ್ಚು. ಪೂರ್ತಿ ಕೆಟ್ಟರೆ ಒಬ್ಬರನ್ನು ಕರೆಸಿ ತೋರಿಸಬಹುದು. ಅರ್ಧ ಕೆಟ್ಟರೆ ಮನೆಗೆ ಬಂದವರೆಲ್ಲ ಒಂದೊಂದು ಮದ್ದು ಹೇಳುತ್ತಾರೆ. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಮಿಕ್ಸಿ, ಗೀಸರ್, ನಲ್ಲಿ ಎಲ್ಲವೂ ಸರದಿ ಹಿಡಿದು ಅರ್ಧರ್ಧ ಕೆಡುತ್ತಲೇ ಇರುತ್ತವೆ. ಈ ಸಲ ಕಂಪ್ಯೂಟರಿನ ಸರದಿ.

ಅದೂ ಎಂಥ ಹೊತ್ತಿನಲ್ಲಿ! ನಮ್ಮ ಬಡಾವಣೆಯ ಮಹಿಳಾ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿತ್ತು. ಸ್ಮರಣ ಸಂಚಿಕೆಯನ್ನು ನಾನೇ ಟೈಪ್ ಮಾಡಿ, ಪುಟ ಜೋಡಿಸಿ ಕೊಡುತ್ತೇನೆ ಎಂದು ತುಂಬಿದ ಸಭೆಯಲ್ಲಿ ಕೈ ಎತ್ತಿದ್ದೆ. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತಳಾದ ಮೇಲೆ ಯಾರಾದರೂ ನನ್ನನ್ನು ನಂಬಿ ಕೊಟ್ಟ ಮೊದಲ ಕೆಲಸ ಅದು. ಈಗ ನೋಡಿದರೆ, ಒಂದು ಅಕ್ಷರ ಒತ್ತಿ ಅದು ಪರದೆಯ ಮೇಲೆ ಮೂಡುವಷ್ಟರಲ್ಲಿ ಮುಂದಿನ ಅಕ್ಷರ ಯಾವುದೆಂದು ನನಗೇ ಮರೆತುಹೋಗುತ್ತಿತ್ತು. ಒಳಗಿನ ಫ್ಯಾನು ರಾಗಿ ಮಿಷನ್ನಿನಂತೆ ಗುರ್ರೆನ್ನುತ್ತಿತ್ತು.

ಕಾರ್ಯದರ್ಶಿ ಫೋನ್ ಮಾಡಿದರು. "ಭಾನುವಾರದೊಳಗೆ ಆಗ್ಲಿಲ್ಲ ಅಂದ್ರೆ ಬಿಟ್ಬಿಡಿ ಮೇಡಂ. ಮಾರೇನಹಳ್ಳೀಲಿ ಡಿಟಿಪಿ ಅಂಗಡಿಗೆ ಕೊಡ್ತೀವಿ. ಈ ವಯಸ್ಸಲ್ಲಿ ನಿಮಗ್ಯಾಕೆ ತೊಂದರೆ?"

ಆ 'ಈ ವಯಸ್ಸಲ್ಲಿ' ಅನ್ನುವ ಮಾತು ಚುರುಕ್ಕೆಂದಿತು. ಏನಾದರಾಗಲಿ, ಇದೇ ಕಂಪ್ಯೂಟರಿನಲ್ಲಿ ಮುಗಿಸಿಯೇ ಸೈ ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

೧. ಡಾಕ್ಟರ ಮುಂದೆ ಜ್ವರವಿಲ್ಲ

ಸೋಮವಾರ ರಾಜಾಜಿನಗರದಿಂದ ರಿಪೇರಿಯವರು ಬಂದರು. ಕೂತವರೇ ಪರದೆಯ ಮೇಲೆ ಒಂದು ಪಟ್ಟಿ ತೆರೆದರು.

"ನೋಡಿ ಆಂಟಿ, ಇದು ಟಾಸ್ಕ್ ಮ್ಯಾನೇಜರ್. ಒಳಗಡೆ ಯಾವ ಪ್ರೋಗ್ರಾಮ್ ಎಷ್ಟು ಕೆಲಸ ಮಾಡ್ತಿದೆ ಅಂತ ತೋರಿಸುತ್ತೆ. ಪ್ರೊಸೆಸರ್ ಮೇಲೆ ಬರೀ ನಾಲ್ಕು ಪರ್ಸೆಂಟ್ ಲೋಡಿದೆ. ಆರಾಮಾಗಿದೆ."

ನಿಜವಾಗಿಯೂ ಫ್ಯಾನು ತೆಪ್ಪಗಾಗಿತ್ತು. ನನಗೇ ನಾಚಿಕೆಯಾಯಿತು. ಅವರು ಪಟ್ಟಿ ಮುಚ್ಚಿ, ಕಾಫಿ ಕುಡಿದು ಹೊರಟರು. ಗೇಟಿನ ಹತ್ತಿರ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಾಗ ಒಳಗೆ ಗುರ್ರ್ ಶುರುವಾಯಿತು. ಓಡಿ ಹೋಗಿ ಕರೆದೆ. ಬಂದು ಪಟ್ಟಿ ತೆರೆದರು, ಸದ್ದಿಲ್ಲ. ಮತ್ತೆ ಹೊರಟರು, ಮತ್ತೆ ಗುರ್ರ್. ಮೂರನೇ ಸಲ ಹೆಲ್ಮೆಟ್ ತೆಗೆಯದೆಯೇ ಒಳಗೆ ಬಂದು, ನಾಲ್ಕು ಪರ್ಸೆಂಟನ್ನು ಇನ್ನೊಮ್ಮೆ ತೋರಿಸಿ ಬಹಳ ಮರ್ಯಾದೆಯಿಂದ ಹೇಳಿದರು:

"ಆಂಟಿ, ಬೇಜಾರು ಮಾಡ್ಕೋಬೇಡಿ. ಒಂದ್ಸಲ ನಿಮ್ಮ ಕಿವಿ ತೋರಿಸ್ಕೊಂಡ್ಬಿಡಿ."

೨. ಮೂಲೆ ಬದಲಾಯಿತು

ಮಂಗಳವಾರ ಎದುರುಮನೆಯ ಯಜಮಾನರು ಬಂದರು. ಅವರಿಗೆ ವಾಸ್ತು ಚೆನ್ನಾಗಿ ಗೊತ್ತು. ಕಂಪ್ಯೂಟರಿದ್ದ ಜಾಗ ನೋಡಿ ತಲೆ ಮೇಲೆ ಕೈ ಹೊತ್ತುಕೊಂಡರು.

"ಅಗ್ನಿಮೂಲೇಲಿ ಇಟ್ಟಿದೀರಲ್ರೀ! ಬಿಸಿಯಾಗ್ದೆ ಇನ್ನೇನಾಗುತ್ತೆ? ವಾಯುಮೂಲೆಗೆ ಹಾಕಿ, ಗಾಳಿ ತಾನಾಗೇ ಆಡುತ್ತೆ."

ನನಗೆ ನಂಬಿಕೆಯಿರಲಿಲ್ಲ. ಆದರೆ ಐದೇ ದಿನ ಉಳಿದಿತ್ತು, ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ. ನಮ್ಮನೆಯವರೂ ನಾನೂ ಮೇಜಿನ ಸಮೇತ ಅದನ್ನು ಎಳೆದೆವು. ಅವರಿಗೆ ಸೊಂಟ ಹಿಡಿಯಿತು. ವಯರು ಸಾಲದೆ ಎರಡು ಎಕ್ಸ್‌ಟೆನ್ಷನ್ ಬಾಕ್ಸ್ ಬೇಕಾದವು.

ವಾಸ್ತು ಸುಳ್ಳಾಗಲಿಲ್ಲ. ಫ್ಯಾನು ಮೊದಲಿಗಿಂತ ಜೋರಾಗಿ ತಿರುಗತೊಡಗಿತು.

೩. ಕವರು

ನಮ್ಮ ಅತ್ತೆಗೆ ಎಂಬತ್ತೆರಡು ವರ್ಷ. ಹೊಲಿಗೆ ಯಂತ್ರ ಇನ್ನೂ ತುಳಿಯುತ್ತಾರೆ. ನಮ್ಮನೆಯಲ್ಲಿ ಫ್ರಿಜ್ಜು, ಟೀವಿ, ಮಿಕ್ಸಿ, ಯಾವುದೂ ಬರಿಮೈಯಲ್ಲಿ ನಿಂತಿದ್ದಿಲ್ಲ. ಕಂಪ್ಯೂಟರಿನ ಪೆಟ್ಟಿಗೆಗೂ ಉಳಿದ ಕರ್ಟನ್ ಬಟ್ಟೆಯಲ್ಲಿ ಫ್ರಿಲ್ ಇಟ್ಟು ಕವರ್ ಹೊಲಿದಿದ್ದರು. ಬುಧವಾರ ನೋಡುತ್ತೇನೆ, ಹಿಂದೆ ಗಾಳಿಯಾಡುವ ಕಿಂಡಿಗಳೆಲ್ಲ ಆ ಫ್ರಿಲ್ಲಿನಡಿ ಮುಚ್ಚಿಹೋಗಿವೆ! ಕಳ್ಳ ಸಿಕ್ಕಿದನೆಂದು ಸರ್ರನೆ ಕವರ್ ಎಳೆದು ಹಾಕಿದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಹಂಗೆ ಬಟ್ಟೆ ಬಿಚ್ಚಿ ನಿಲ್ಲಿಸಿದೀಯಲ್ಲೇ! ಬಂದೋರು ಏನಂದ್ಕೊಂಡಾರು?"

ಅತ್ತೆಯ ಮುಖ ಊದಿತು, ಕಂಪ್ಯೂಟರಿನ ವೇಗ ಮಾತ್ರ ಒಂದು ಚೂರೂ ಹೆಚ್ಚಲಿಲ್ಲ.

೪. ಅಟೆಂಡೆನ್ಸ್

ಗುರುವಾರ ಬೆಳಗ್ಗೆ ಹಟ ಹಿಡಿದು ಒಬ್ಬಳೇ ಕೂತೆ. ಪಟ್ಟಿ ತೆರೆದರೆ ಫ್ಯಾನು ಸುಮ್ಮನಾಗುತ್ತದೆ. ಮುಚ್ಚಿದರೆ ಗಲಾಟೆ. ತೆರೆದೆ, ಮುಚ್ಚಿದೆ, ತೆರೆದೆ. ಐದನೇ ಸಲಕ್ಕೆ ನಗು ಬಂತು. ಇದು ನನಗೆ ಗೊತ್ತಿರುವ ಕಾಯಿಲೆ! ಒಂಬತ್ತನೇ ತರಗತಿಯ ಬಿ ಸೆಕ್ಷನ್ ಹೀಗೇ ಇತ್ತು. ನಾನು ಬಾಗಿಲಲ್ಲಿದ್ದರೆ ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ, ಸ್ಟಾಫ್ ರೂಮಿಗೆ ಹೋದರೆ ಸಂತೆ.

ರಿಪೇರಿಯವರಿಗೆ ಫೋನ್ ಮಾಡಿ ಹೇಳಿದೆ. "ಅಯ್ಯೋ, ಹೌದು ಆಂಟಿ! ನಿಮ್ಮ ಮಿಷನ್ ಒಳಗೆ ಕದ್ದು ಕೂತು, ಇಂಟರ್ನೆಟ್ಟಲ್ಲಿ ಯಾರೋ ದುಡ್ಡು ಮಾಡ್ಕೊಳ್ಳೋಕೆ ಅವರ ಲೆಕ್ಕ ಮಾಡ್ಕೊಡೋ ಪ್ರೋಗ್ರಾಮ್ ಇರ್ತವೆ. ಪಟ್ಟಿ ತೆಗೆದ ತಕ್ಷಣ ಕಳ್ಳನ ಥರ ಸುಮ್ಮನಾಗ್ತವೆ. ನಾಳೆ ಬಂದು ನೋಡ್ತೀನಿ. ನಿಮ್ಮ ಕಿವಿ ಸರಿಯಾಗಿದೆ, ಸಾರಿ."

ಅಂದರೆ ನನ್ನ ಪೀರಿಯಡ್ಡಿನಲ್ಲಿ ಕೂತು ಇನ್ನೊಬ್ಬರ ಹೋಂವರ್ಕ್ ಮಾಡುವವನು! ನಾಳೆಯ ತನಕ ಯಾರು ಕಾಯುತ್ತಾರೆ? ಹಾಕಿಕೊಂಡ ಪ್ರೋಗ್ರಾಮುಗಳ ಹೆಸರನ್ನೆಲ್ಲ ತಾರೀಖಿನ ಪ್ರಕಾರ ತೆರೆದು ಹಾಜರಿ ಕೂಗಿದೆ. ಎಲ್ಲ ಹಳಬರೇ, ಒಬ್ಬನನ್ನು ಬಿಟ್ಟು. ಹೋದ ತಿಂಗಳು ಟೀಸಿಯೂ ಇಲ್ಲದೆ ಸೇರಿಕೊಂಡವನು.

ಪುಕ್ಕಟೆ ಜಾತಕ, ಪುಕ್ಕಟೆ ಪಂಚಾಂಗ ಇಳಿಸಿಕೊಳ್ಳುವ ಚಾಳಿ ನಮ್ಮನೆಯವರದು. ಅತ್ತೆಯ ಎದುರಿಗೇ ಅವರನ್ನು ನಿಲ್ಲಿಸಿಕೊಂಡು ಕಾಲು ಗಂಟೆ ಪಾಠ ಮಾಡಿದೆ. "ಕಂಡಕಂಡಿದ್ದಕ್ಕೆಲ್ಲ ಓಕೆ ಒತ್ತಬೇಡಿ ಅಂತ ಎಷ್ಟು ಸಲ ಬಡ್ಕೊಂಡಿದೀನಿ? ನನ್ನ ಮರ್ಯಾದೆ ಹೋಗ್ತಿತ್ತಲ್ರೀ!"

ಅವರು ಸೊಂಟ ಹಿಡಿದುಕೊಂಡೇ ಕನ್ನಡಕ ಹಾಕಿ ತಾರೀಖು ಓದಿದರು. "ಅವತ್ತು ನಾನೂ ಅಮ್ಮನೂ ಕೆಂಗೇರಿಗೆ ಗೃಹಪ್ರವೇಶಕ್ಕೆ ಹೋಗಿದ್ವಿ. ಬೆಳಗ್ಗೆ ಹೋದೋರು ಬಂದಿದ್ದು ಸಂಜೆ."

ಆಗ ನೆನಪಾಯಿತು. ಅವತ್ತು ಕಂಪ್ಯೂಟರ್ ಒಂದು ಚೂರು ನಿಧಾನವೆನಿಸಿತ್ತು. 'ಉಚಿತವಾಗಿ ನಿಮ್ಮ ಕಂಪ್ಯೂಟರಿನ ವೇಗ ಹತ್ತು ಪಟ್ಟು ಹೆಚ್ಚಿಸುತ್ತೇವೆ' ಎಂದು ಪರದೆಯ ಮೇಲೆ ಏನೋ ಬಂದಿತ್ತು. ಅದು ಕೇಳಿದ್ದಕ್ಕೆಲ್ಲ ಓಕೆ, ಓಕೆ, ಓಕೆ ಎಂದು ಒತ್ತಿದವಳು ನಾನೇ.

"ಹಾಗಾದ್ರೆ ಅಡ್ಮಿಷನ್ ರಿಜಿಸ್ಟರಲ್ಲಿ ಸಹಿ ಯಾರದು ಟೀಚರಮ್ಮ?" ಎಂದರು ನಮ್ಮನೆಯವರು.

ಶುಕ್ರವಾರ ರಿಪೇರಿಯವರು ಬಂದು ಆ ಪುಣ್ಯಾತ್ಮನನ್ನು ಬೇರುಸಮೇತ ಕಿತ್ತುಹಾಕಿದರು. ಬೆರಳು ನೋಯುವಷ್ಟು ಟೈಪ್ ಮಾಡಿ, ಶನಿವಾರ ಸಂಜೆ ನಲವತ್ತೆಂಟು ಪುಟಗಳನ್ನೂ ಕಳಿಸಿದೆ, ಒಂದು ದಿನ ಮೊದಲೇ. ಕಾರ್ಯದರ್ಶಿ ಫೋನ್ ಮಾಡಿ, "ಮುಂದಿನ ವರ್ಷದ ವಾರ್ಷಿಕ ಸಂಚಿಕೇನೂ ನೀವೇ ಮೇಡಂ" ಎಂದಾಗ ಕಣ್ಣಲ್ಲಿ ನೀರು ಬಂತು. ಕಂಪ್ಯೂಟರ್ ಆಫ್ ಮಾಡಿ, ರಾಣಿಯ ಹಾಗೆ ಕುರ್ಚಿಗೆ ಒರಗಿದೆ.

ಅತ್ತೆ ಒಳಗಿನಿಂದ ಬಂದರು. ಕೈಯಲ್ಲಿ ಒಗೆದು ಇಸ್ತ್ರಿ ಮಾಡಿದ ಕವರು. ನನ್ನ ಕಡೆ ತಿರುಗಿಯೂ ನೋಡದೆ ಅದನ್ನು ಪೆಟ್ಟಿಗೆಗೆ ತೊಡಿಸಿ, ಫ್ರಿಲ್ಲು ಸರಿಮಾಡಿ, ಮೇಲೆ ಮೆಲ್ಲಗೆ ಎರಡು ಸಲ ತಟ್ಟಿದರು.

"ಪಾಪ, ತಪ್ಪು ಮಾಡಿದೋಳು ಅವಳು, ಬಟ್ಟೆ ಬಿಚ್ಚಿಸ್ಕೊಂಡಿದ್ದು ನೀನು."