ಆನೆ ಕಾಸಿಗೆ ಕಲಾಯಿ

ನನ್ನ ಅಣ್ಣ ಖಾದರ್ ಭಾಯಿ ನನಗೆ ಒಪ್ಪಿಸಿದ್ದು ಒಂದೇ ಒಂದು ಕೆಲಸ: ಏನೂ ಮಾಡದೆ ಇರುವುದು. ಅದನ್ನು ಮಾಡಲು ನನ್ನಿಂದ ಆಗಲಿಲ್ಲ.

ನನ್ನ ಓದು ನಾಲ್ಕನೇ ಕ್ಲಾಸಿಗೆ ನಿಂತಿತು, ನಿಜ. ಆದರೆ ಈ ಕೆಲಸಕ್ಕೆ ಓದು ಬೇಕಿರಲಿಲ್ಲ. ಒಂದು ಸಣ್ಣ ಲಕೋಟೆಯನ್ನು ನಾಲ್ಕು ದಿನ ಬೀರುವಿನಲ್ಲಿಟ್ಟು, ಭಾನುವಾರ ಬೆಳಿಗ್ಗೆ ತುಮಕೂರಿನ ಒಂದು ಕಲ್ಯಾಣ ಮಂಟಪಕ್ಕೆ ತಂದುಕೊಡಬೇಕು. ಅಷ್ಟೆ. ಬೀರುವಿಗೆ ನಡೆಯಲು ಬರುತ್ತಿದ್ದರೆ ಅದೇ ಮಾಡಿ ಮುಗಿಸುತ್ತಿತ್ತು!

ಲಕೋಟೆಯಲ್ಲಿ ಇದ್ದದ್ದು ಹಳೇ ಕಾಲದ ಆನೆ ಕಾಸು. ತಾಮ್ರದ್ದು. ಇಂಥವು ನಮ್ಮ ಕಡೆ ಹೊಲ ಉಳುವಾಗಲೂ ಸಿಗುತ್ತವೆ, ಆದರೆ ಸವೆದು ಆನೆಯೋ ಗುಡ್ಡವೋ ಗೊತ್ತಾಗುವುದಿಲ್ಲ. ಭಾಯಿಗೆ ಸಿಕ್ಕಿದ್ದರಲ್ಲಿ ಆನೆಯ ಬಾಲದ ಕೂದಲು ಕಾಣುತ್ತಿತ್ತಂತೆ. ಕಣ್ಣು ಕಾಣುತ್ತಿತ್ತಂತೆ. ಬೆನ್ನ ಮೇಲಿನ ಬಾವುಟವೂ ಇತ್ತಂತೆ. 'ಅಂತೆ' ಎಂದು ಯಾಕೆ ಹೇಳುತ್ತಿದ್ದೇನೆಂದರೆ, ನಾನು ನೋಡಿದಾಗ ನನಗೆ ಕಂಡದ್ದು ಕಿಲುಬು ಮಾತ್ರ.

ಭಾಯಿ ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಲೇತ್ ಮಿಷನ್ ಮೇಲೆ ಕೆಲಸ ಮಾಡುತ್ತಿದ್ದ. ಬೀಡಿ ಇಲ್ಲ, ಸಿನಿಮಾ ಇಲ್ಲ. ಇದ್ದ ಒಂದೇ ಚಟ ನಾಣ್ಯ. ಆ ಚಟಕ್ಕೆ ತಕ್ಕ ಎದುರಾಳಿಯೂ ಒಬ್ಬರಿದ್ದರು, ಗುಬ್ಬಿಯ ಶಿವರುದ್ರಯ್ಯ ಮೇಷ್ಟ್ರು. ಭಾನುವಾರ ಬಂತೆಂದರೆ ಮೇಷ್ಟ್ರು ಕನ್ನಡಕದ ಡಬ್ಬಿಯಲ್ಲಿ ನಾಣ್ಯ ಹಾಕಿಕೊಂಡು ಬಸ್ ಹತ್ತುವರು. ತುಮಕೂರು ಬಸ್ ಸ್ಟ್ಯಾಂಡ್ ಎದುರಿನ ಟೀ ಹೋಟೆಲಿನಲ್ಲಿ ಇಬ್ಬರ ಯುದ್ಧ.

"ಇದೇನ್ ಮೇಷ್ಟ್ರೇ, ಕೋಟಿನ ಗುಂಡಿನಾ?" ಎಂದು ಭಾಯಿ ಕೇಳುವನು.

"ನಿಮ್ ಶರ್ಟಿಗೆ ಬೇಕಿದ್ರೆ ಹೇಳಿ ಭಾಯಿ, ಹೊಲಿಸ್ಕೊಡ್ತೀನಿ. ನಿಮ್ದೇನ್ ನಾಣ್ಯ ಸಂಗ್ರಹ, ಗುಜರಿ ಅಂಗಡಿ ಕಣ್ರೀ!" ಎಂದು ಮೇಷ್ಟ್ರು ಹೇಳುವರು. ಇಷ್ಟಾದ ಮೇಲೆ ಒಂದೇ ಟೀಯನ್ನು ಇಬ್ಬರೂ ಬೈಟು ಮಾಡಿ ಕುಡಿಯುವರು.

ಮೇಷ್ಟ್ರ ಹತ್ತಿರವೂ ಒಂದು ಆನೆ ಕಾಸಿತ್ತು. ಅದನ್ನು ಮೀರಿಸುವ ಆನೆ ಬೇಕೆಂಬುದು ಭಾಯಿಯ ಹಟ. ಕಡೆಗೆ ಅಂಥ ಆನೆ ಕುಣಿಗಲ್‌ನ ಹಳೇ ಪಾತ್ರೆ ವ್ಯಾಪಾರಿ ಗಂಗಣ್ಣನ ಹತ್ತಿರ ಸಿಕ್ಕಿತು. ಅದಕ್ಕಾಗಿ ಭಾಯಿ ಮದುವೆಗೆ ಮುಂಚಿನಿಂದ ಕೂಡಿಸಿದ್ದ ಬೆಳ್ಳಿ ನಾಣ್ಯಗಳನ್ನೆಲ್ಲ ಗಂಗಣ್ಣನಿಗೆ ಕೊಟ್ಟುಬಂದ. ಅಂದರೆ ಆ ಒಂದು ಕಾಸೇ ಈಗ ಅವನ ಇಡೀ ಸಂಗ್ರಹ.

ಅಷ್ಟರಲ್ಲಿ ತುಮಕೂರಿನ ಹವ್ಯಾಸಿಗಳು ಆ ಕಲ್ಯಾಣ ಮಂಟಪದಲ್ಲಿ ನಾಣ್ಯ ಪ್ರದರ್ಶನ ಇಟ್ಟರು. ಬೆಂಗಳೂರಿನಿಂದ ಪರೀಕ್ಷಕರು ಬರುತ್ತಾರೆ, ನಾಣ್ಯ ಎಷ್ಟು ಸವೆದಿದೆ, ಎಷ್ಟು ಉಳಿದಿದೆ ಎಂದು ಭೂತಗನ್ನಡಿಯಲ್ಲಿ ನೋಡಿ ದರ್ಜೆ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡುತ್ತಾರೆ. ಸೀಲ್ ಆಯಿತೆಂದರೆ ಮುಗಿಯಿತು, ಆಮೇಲೆ ಯಾರೂ ಗುಂಡಿ ಎನ್ನುವಂತಿಲ್ಲ.

ಭಾಯಿಯ ಮನೆಗೆ ಸುಣ್ಣ ಬಳಿಯುತ್ತಿದ್ದರು. ಸಾಮಾನೆಲ್ಲ ಅಂಗಳದಲ್ಲಿತ್ತು. ಶನಿವಾರ ಅವನಿಗೆ ರಾತ್ರಿ ಪಾಳಿ, ಭಾನುವಾರ ಫ್ಯಾಕ್ಟರಿಯಿಂದ ನೇರ ಮಂಟಪಕ್ಕೆ ಬರುವುದೆಂದಾಯಿತು. ಹಾಗಾಗಿ ಲಕೋಟೆ ನನ್ನ ಕೈಗೆ ಬಂತು.

"ಮುಟ್ಬೇಡ. ಬಿಚ್ಬೇಡ. ತಿಳೀತೇನ್ಲಾ ಬಾಬು?"

"ನಾನೇನ್ ಮಗುನಾ ಭಾಯಿ?"

"ಮಗು ಆಗಿದ್ರೆ ಭಯ ಇರ್ತಿರ್ಲಿಲ್ಲ ಕಣೋ. ನಿನ್ ಕೈಲಿ ಕಸುಬೈತೆ."

ನನ್ನ ಕಸುಬು ಕಲಾಯಿ. ತಾಮ್ರ, ಹಿತ್ತಾಳೆ ಪಾತ್ರೆಗಳನ್ನು ಉಜ್ಜಿ, ಬೆಂಕಿಯಲ್ಲಿ ಕಾಯಿಸಿ, ಒಳಗೆ ತವರ ಹಿಡಿಸುವುದು. ಆ ಹೊತ್ತಿಗೆ ಮನೆಮನೆಗೂ ಸ್ಟೀಲ್ ಬಂದು ಕೆಲಸ ಕಡಿಮೆಯಾಗಿತ್ತು. ಮದುವೆ ಅಡಿಗೆಯವರ ದೊಡ್ಡ ಪಾತ್ರೆಗಳು ಬಿಟ್ಟರೆ ನನ್ನ ಅಂಗಡಿಗೆ ಬರುತ್ತಿದ್ದುದು ನೊಣಗಳು. ಕೆಲಸವಿಲ್ಲದ ಕೈ, ಬೀರುವಿನಲ್ಲಿ ತಾಮ್ರ!

ಶುಕ್ರವಾರ ಬಿಚ್ಚಿದೆ. ಸುಮ್ಮನೆ ನೋಡಲು. ಕಪ್ಪಗೆ, ಅಲ್ಲಲ್ಲಿ ಹಸಿರು. ಬೆಂಗಳೂರಿನವರ ಮುಂದೆ ನನ್ನ ಅಣ್ಣ ಇದನ್ನು ಇಡುವುದೇ? ಕಲಾಯಿಯವನ ಅಣ್ಣ ಕಿಲುಬು ಹಿಡಿದ ತಾಮ್ರ ತಂದಿದ್ದಾನೆ ಎಂದರೆ ನನ್ನ ಮಾನ ಏನಾಗಬೇಕು? ಅಣ್ಣನಿಗೆ ಹೇಳದೆ ಉಪಕಾರ ಮಾಡಬೇಕೆಂದು ಆ ಕ್ಷಣವೇ ತೀರ್ಮಾನಿಸಿದೆ.

ಮೊದಲು ಹುಣಸೆಹಣ್ಣು, ಉಪ್ಪು. ಕಾಸು ಕೆಂಪಾಯಿತು. ಆದರೆ ಅಲ್ಲಲ್ಲಿ ಕಪ್ಪು ಉಳಿದು, ಆನೆಗೆ ಗಜಕರ್ಣ ಬಂದಂತೆ ಕಾಣತೊಡಗಿತು. ಹಾಗೆ ಬಿಡಲಾಗುತ್ತದೆಯೇ? ಪಾತ್ರೆಗೆ ಹೊಳಪು ಕೊಡುವ ಬಫಿಂಗ್ ಮೋಟಾರಿಗೆ ಹಿಡಿದೆ. ಒಂದೇ ಸುತ್ತು! ಕಾಸು ಕೈಯಿಂದ ಹಾರಿ ಎದುರಿನ ಪಂಕ್ಚರ್ ಅಂಗಡಿಯ ನೀರಿನ ತೊಟ್ಟಿಗೆ ಬಿತ್ತು. ತೊಟ್ಟಿಯ ಕೆಸರಿನಲ್ಲಿ ಕೈಯಾಡಿಸಿ ತಂದೆ. ಈ ಸಲ ಇಕ್ಕಳದಲ್ಲಿ ಬಿಗಿಯಾಗಿ ಹಿಡಿದು, ಕಲೆ ಹೋಗುವ ತನಕ ಉಜ್ಜಿದೆ. ಕಲೆ ಹೋಯಿತು. ಬಾವುಟವೂ ಹೋಯಿತು.

ಇಲ್ಲಿಗಾದರೂ ನಿಲ್ಲಬಹುದಿತ್ತು. ಆದರೆ ಉಜ್ಜಿದ ತಾಮ್ರವನ್ನು ಹಾಗೇ ಬಿಟ್ಟರೆ ಮತ್ತೆ ಕಿಲುಬುತ್ತದೆ. ನಮ್ಮ ಅಬ್ಬಾನ ಕಾಲದಿಂದಲೂ ಈ ಅಂಗಡಿಯಿಂದ ತಾಮ್ರದ ಸಾಮಾನು ಕಲಾಯಿ ಇಲ್ಲದೆ ಹೊರಗೆ ಹೋದದ್ದಿಲ್ಲ. ಆ ಕೀರ್ತಿಯನ್ನು ನಾನು ಕೆಡಿಸುವುದೇ? ಇದ್ದಿಲು ಹೊತ್ತಿಸಿದೆ. ಕಾಸನ್ನು ಕಾಯಿಸಿ, ತವರ ಅಂಟಲೆಂದು ನವಸಾಗರದ ಪುಡಿ ಚಿಮುಕಿಸಿ, ತವರ ಮುಟ್ಟಿಸಿ, ಹತ್ತಿಯಲ್ಲಿ ಒರೆಸಿದೆ. ಎರಡೂ ಮಗ್ಗುಲು. ಬೆಳ್ಳಿಯಂತೆ ಫಳಫಳ!

ಹೆಂಡತಿ ನಸೀಮಾಳಿಗೆ ಹೆಮ್ಮೆಯಿಂದ ತೋರಿಸಿದೆ. ಅವಳು ಬೆಳಕಿಗೆ ಹಿಡಿದು ನೋಡಿದಳು.

"ಏನ್ರೀ ಇದು, ಎಮ್ಮೆನಾ?"

"ಆನೆ ಕಣೇ! ಭಾಯಿದು. ಕಲಾಯಿ ಹಾಕ್ದೆ."

"ಕಲಾಯಿನಾ? ಯಾಕೆ, ಇದ್ರಲ್ಲಿ ದೊಡ್ಡ ಭಾಯಿ ಹುಳಿ ಸಾರು ಕಾಯಿಸ್ತಾರಾ?"

ಹೆಂಗಸರಿಗೆ ಕಲೆ ತಿಳಿಯುವುದಿಲ್ಲ ಎಂದುಕೊಂಡೆ.

ಭಾನುವಾರ ಮಂಟಪದಲ್ಲಿ ಲಕೋಟೆಯನ್ನು ಭಾಯಿಗೆ ಕೊಟ್ಟೆ. ಅವನು ಬಿಚ್ಚಿ ನೋಡಲಿಲ್ಲ. ತಮ್ಮನ ಕೈಯಿಂದ ಬಂದದ್ದನ್ನು ಯಾಕೆ ನೋಡಬೇಕು? ಜೇಬಿನಲ್ಲಿಟ್ಟುಕೊಂಡು ಸಾಲಿನಲ್ಲಿ ನಿಂತ. ಮುಂದೆ ಮೇಷ್ಟ್ರು. ಅವರು ಕನ್ನಡಕದ ಡಬ್ಬಿಯಿಂದ ತೆಗೆದ ಆನೆ ಕಾಸು ಇದ್ದಿಲಿನಂತಿತ್ತು. ನನಗೆ ನಗು ಬಂತು. ಪರೀಕ್ಷಕರು ಅದನ್ನು ಭೂತಗನ್ನಡಿಯಲ್ಲಿ ನೋಡಿ, "ಆಹಾ! ಈ ಬಣ್ಣ ಬರೋಕೆ ತಲೆಮಾರುಗಳು ಬೇಕು ಸಾರ್. ಪುಣ್ಯಕ್ಕೆ ಯಾರೂ ತೊಳೆದಿಲ್ಲ. ತೊಳೆದ್ರೆ ನಾಣ್ಯ ಸತ್ತಂಗೆ," ಎಂದರು.

ನನ್ನ ನಗು ನಿಂತಿತು.

"ಭಾಯಿ, ಮನೇಗ್ ಹೋಗಣ."

"ಯಾಕ್ಲಾ?"

"ಹೊಟ್ಟೆ ನೋವು."

"ನೀನ್ ಹೋಗು. ನಂಗೇನ್ ನೋವಿಲ್ವಲ್ಲ."

ಲಕೋಟೆಗೆ ಕೈ ಹಾಕಿದೆ. ಆಗಲೇ ಅದು ಮೇಜಿನ ಮೇಲಿತ್ತು. ಪರೀಕ್ಷಕರು ಬಿಚ್ಚಿದರು. ಮೇಜಿನ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದು ಕಾಸು ಎಷ್ಟು ಹೊಳೆಯಿತೆಂದರೆ ಹಿಂದಿನ ಸಾಲಿನವರೂ ಬಗ್ಗಿ ನೋಡಿದರು. ಪರೀಕ್ಷಕರು ಒಮ್ಮೆ ನಾಣ್ಯವನ್ನು, ಒಮ್ಮೆ ಭಾಯಿಯ ಮುಖವನ್ನು ನೋಡಿ, "ಮೇಲೆ ಏನೋ ಮಾಡಿದ್ದಾರೆ ಸಾರ್. ಇದಕ್ಕೆ ನಾನು ದರ್ಜೆ ಕೊಡಲ್ಲ," ಎಂದು ಹಿಂದಕ್ಕೆ ತಳ್ಳಿದರು.

ಭಾಯಿ ಆ ಕಾಸನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಸೋತ ಎದುರಾಳಿಯನ್ನು ಮೇಷ್ಟ್ರು ಗೇಲಿ ಮಾಡುತ್ತಾರೆಂದು ನಾನೆಣಿಸಿದ್ದೆ. ಅವರು ಕೆಂಡವಾದರು.

"ಭಾಯಿ, ನಿಮಗೆ ಮೋಸ ಆಗೈತೆ ಕಣ್ರೀ! ತವರದ ಬಿಲ್ಲೆಗೆ ಬಣ್ಣ ಬಳ್ದು ಕೊಟ್ಟವ್ನೆ ಆ ಕುಣಿಗಲ್‌ನವ್ನು. ಜೇಬಲ್ಲಿ ಬೆವರು ತಾಗಿ ಬಣ್ಣ ಹೋಗೈತೆ!"

ಭಾಯಿ ನನ್ನ ಕಡೆ ತಿರುಗಿದ. "ಬಾಬು, ಬರೋವಾಗ ಬೆವರಿದ್ಯೇನೋ?"

ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಬಾಯಿ ತೆರೆದೆ. "ಹೂಂ ಭಾಯಿ. ಸಿಕ್ಕಾಪಟ್ಟೆ ಬೆವರು," ಎಂದೆ.

ಕಲಾಯಿಯವನ ಅಣ್ಣನಿಗೆ ಕಲಾಯಿಯ ನೆನಪಾಗದೆ ಇರುತ್ತದೆಯೇ? ಆಗಿದ್ದರೂ ತಮ್ಮನ ಮೇಲೆ ಅನುಮಾನ ಪಡುವ ಮನುಷ್ಯ ಅವನಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿದ್ದು. ಚುಚ್ಚಿತು, ಆದರೂ ಬಾಯಿ ಬಿಡಲಿಲ್ಲ.

ಮೇಷ್ಟ್ರು ಅಲ್ಲಿಂದಲೇ ಭಾಯಿಯನ್ನು ಕುಣಿಗಲ್ ಬಸ್ಸಿಗೆ ಹೊರಡಿಸಿದರು. "ಸಾಕ್ಷಿಗೆ ನೀನೂ ಬಾರಪ್ಪ," ಎಂದು ನನ್ನನ್ನೂ ಹತ್ತಿಸಿದರು. ದಾರಿಯುದ್ದಕ್ಕೂ ಗಂಗಣ್ಣನಿಗೆ ಹೇಗೆ ಬಯ್ಯಬೇಕೆಂದು ಇಬ್ಬರೂ ಲೆಕ್ಕ ಹಾಕಿದರು. ನಾನು ಕಿಟಕಿಯಿಂದ ತೆಂಗಿನ ಮರ ನೋಡುತ್ತಾ ಕುಳಿತೆ.

ಗಂಗಣ್ಣ ಎಪ್ಪತ್ತು ದಾಟಿದ ಮುದುಕ. ಅಂಗಡಿ ಬಾಗಿಲಲ್ಲಿ ನಿಂತು ಮೇಷ್ಟ್ರು ಗುಡುಗಿದರು. ದಾರಿಹೋಕರು ಸೇರಿದರು. ಮುದುಕ ಟವಲಿನಿಂದ ಕಣ್ಣೊರೆಸಿಕೊಂಡ. "ದೇವ್ರಾಣೆಗೂ ನಾನ್ ಕೊಟ್ಟಿದ್ದು ಇದಲ್ಲ ಸ್ವಾಮಿ. ಇಷ್ಟ್ ವರ್ಸ ವ್ಯಾಪಾರ ಮಾಡಿವ್ನಿ, ಒಬ್ರೂ ಕಳ್ಳ ಅಂದಿಲ್ಲ," ಎಂದು ಕಾಸನ್ನು ಇಸಿದುಕೊಂಡ. ಉಗುರಿನಲ್ಲಿ ಗೀರಿದ. ಮೂಸಿದ.

"ಬಣ್ಣ ಅಲ್ಲ ಕಣ್ರಪ್ಪ. ಇದು ಕಲಾಯಿ! ಅದೂ ಯಾವನೋ ಕೆಲ್ಸ ಬರ್ದೋನು ಹಾಕಿರೋದು. ಅಂಚಲ್ಲಿ ತವರ ಹಿಡ್ದೇ ಇಲ್ಲ."

ಬಯ್ಗುಳಕ್ಕೆ ಬಾಗದ ನಾನು, ಮುದುಕನ ಕಣ್ಣೀರಿಗೂ ಬಾಗದ ನಾನು, ಈ ಮಾತಿಗೆ ಪುಟಿದು ನಿಂತೆ.

"ಏನ್ ಹಿಡ್ದಿಲ್ಲ? ಸರ್ಯಾಗ್ ನೋಡಿ ಹೇಳ್ರಿ! ಅಂಚಿಗೆ ಎರಡು ಸಲ ಒರ್ಸಿದೀನಿ ನಾನು!"

ಅಂಗಡಿ ಮುಂದೆ ನಿಂತವರೆಲ್ಲ ನನ್ನ ಕಡೆ ತಿರುಗಿದರು. ಮೇಷ್ಟ್ರು ಬೆರಳೆತ್ತಿದವರು ಹಾಗೇ ನಿಂತರು. ಭಾಯಿ ನನ್ನನ್ನು ನೋಡಲಿಲ್ಲ. ಗಂಗಣ್ಣನಿಗೆ ಕೈಮುಗಿದು, "ತಪ್ಪು ತಿಳ್ಕೋಬೇಡಿ ಯಜಮಾನ್ರೇ," ಎಂದು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದ. ನಾನು ಹೇಳಬೇಕಾದ ಮಾತನ್ನು ಅವನು ಹೇಳಿದ್ದ. ಗಂಗಣ್ಣ ಹಿಂದಿನಿಂದ ಕೂಗಿ, ಬೆಳ್ಳಿ ನಾಣ್ಯ ಆಗಲೇ ಬೇರೆಯವರ ಕೈಸೇರಿತೆಂದು ತಿಳಿಸಿದ.

ತಿರುಗಿ ಬರುವ ಬಸ್ಸಿನಲ್ಲಿ ಭಾಯಿ ಮತ್ತು ಮೇಷ್ಟ್ರು ಮುಂದಿನ ಸೀಟು, ನಾನು ಹಿಂದಿನದು. ಮೇಷ್ಟ್ರು ಸೀಲ್ ಮಾಡಿದ ತಮ್ಮ ಡಬ್ಬಿಯನ್ನು ಜೇಬಿನೊಳಕ್ಕೆ ತಳ್ಳಿ, "ಈ ಗೆಲುವನ್ನ ನಾನ್ ಲೆಕ್ಕಕ್ಕೆ ಇಟ್ಕೊಳಲ್ಲ ಭಾಯಿ. ಎದುರಾಳಿ ಆನೆ ಬರ್ಲೇ ಇಲ್ಲ," ಎಂದರು. ಭಾಯಿ ಕಿಟಕಿಯ ಕಡೆ ಮುಖ ಮಾಡಿದ್ದ.

"ತಪ್ಪಾಯ್ತು ಭಾಯಿ," ಎಂದೆ. ಮೆತ್ತಗೆ. ಬಸ್ಸಿನ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ.

ಇನ್ನೊಂದು ಸಲ ಹೇಳಿದೆ. ಲೇತ್ ಮಿಷನ್ನಿನ ಪಕ್ಕ ವರ್ಷಗಟ್ಟಲೆ ನಿಂತ ಕಿವಿ ಅದು, ಮೆತ್ತಗೆ ಹೇಳಿದರೆ ತಲುಪುವುದಿಲ್ಲ. ಅವನು ತಿರುಗಲಿಲ್ಲ. ಇನ್ನು ಹೀಗೆ ಆಗುವುದಿಲ್ಲವೆಂದು ಎದ್ದು ನಿಂತು, ಕಂಬಿ ಹಿಡಿದು, ಎದೆ ತುಂಬ ಉಸಿರು ತೆಗೆದುಕೊಂಡೆ. ಆ ಹೊತ್ತಿಗೇ ಬಸ್ಸು ಹೆಬ್ಬೂರಿನಲ್ಲಿ ನಿಂತು, ಡ್ರೈವರ್ ಇಂಜಿನ್ ಆಫ್ ಮಾಡಿದ. ನನಗದು ತಿಳಿಯಲಿಲ್ಲ. ತುಂಬಿದ ಬಸ್ಸಿನ ನಿಶ್ಶಬ್ದದಲ್ಲಿ, ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ನೋಡುವಷ್ಟು ದೊಡ್ಡ ದನಿಯಲ್ಲಿ ನಾನು ಕಿರುಚಿದೆ:

"ಭಾಯಿ, ನಿನ್ ಕಾಸು ಹಾಳು ಮಾಡ್ದೋನು ನಾನೇ! ನೀನ್ ಕೇಳ್ದಾಗ ಸುಳ್ಳು ಹೇಳ್ದೋನೂ ನಾನೇ! ತಪ್ಪಾಯ್ತು, ಮಾಫ್ ಮಾಡು!"